ದೊಡ್ಡವ್ವನ ಬೇವಿನ ಮರ, ನನ್ನ ಏಳು ನಿಮಿಷ

ನವೆಂಬರ್ 12, ಬುಧವಾರ. ಸಂಜೆ 7.40

ಮೇಲಿಂದ ಜೋತುಬಿಟ್ಟ ಬಟ್ಟೆಯನ್ನು ಹದಿನಾಲ್ಕು ಸಲ ಹತ್ತಿ ಇಳಿದೆ. ಹದಿನೈದನೆಯದಕ್ಕೆ ಮುಂಗೈ ಹಿಡಿತ ಹೋಯಿತು. ಅಲ್ಲಿಗೆ ಸಾಕು ಮಾಡಿದೆ. ಮೊಣಕಾಲ ಹಿಂದೆ ಚರ್ಮ ಮತ್ತೆ ಕಿತ್ತಿದೆ. ಕೊಬ್ಬರಿ ಎಣ್ಣೆ.

ಶಾಲೆಯಲ್ಲಿ ಎರಡು ಪೀರಿಯಡ್ ಖೋಖೋ ಆಡಿಸಿದ್ದು, ನಾಲ್ಕೂವರೆ ಬಸ್ಸಿಗೆ ಹುನಗುಂದದಿಂದ ಇಳಕಲ್, ಐದೂವರೆಯಿಂದ ಆಸಿಫನ ಗ್ರಾನೈಟ್ ಶೆಡ್. ವಾರಕ್ಕೆ ನಾಲ್ಕು ದಿನ ಇದೇ. ಹಗಲು ಆ ಗ್ಯಾಂಟ್ರಿ ಕ್ರೇನು ಹತ್ತು ಟನ್ನಿನ ಕೆಂಪುಕಲ್ಲು ಎತ್ತುತ್ತದೆ, ಸಂಜೆ ಐವತ್ತೆರಡು ಕೆಜಿಯ ನನ್ನನ್ನು. ಆಸಿಫ ಹೈಸ್ಕೂಲಿನಿಂದ ಗೆಳೆಯ. ಮೇಲಿನ ಕೊಂಡಿ ಹಾಕಿ, ಮೊದಲು ತಾನೇ ಜೋತು ನೋಡಿ, ಆಮೇಲೆ ನನ್ನನ್ನು ಬಿಡುತ್ತಾನೆ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ.

ಇಳಿದು ಫೋನ್ ನೋಡಿದರೆ ಆರು ಮಿಸ್ಡ್ ಕಾಲ್. ತಿರುಗಿ ಮಾಡಿದೆ. ಬಾಗಲಕೋಟೆಯ ಪ್ರವೀಣಕುಮಾರ ಅಂತೆ, ಕಾರ್ಯಕ್ರಮ ಮಾಡಿಸುವವರು. ಡಿಸೆಂಬರ್ 21ಕ್ಕೆ ಬಾದಾಮಿಯಲ್ಲಿ ಕಲಾ ಸಂಜೆ.

"ನಿಮ್ಮ ರೀಲ್ ನೋಡೇನ್ರಿ ಮೇಡಂ. ಮ್ಯಾಲಿಂದ ಉಳ್ಳಾಡಕೋತ ಕೆಳಗ ಬರ್ತೀರಲ್ಲ, ಮೈ ಝುಂ ಅಂತೈತ್ರಿ. ಏಳು ನಿಮಿಷ ಕೊಡ್ತೇನ್ರಿ ನಿಮಗ."

ಏಳು ನಿಮಿಷ! ಇಲ್ಲಿಯವರೆಗೆ ಸಿಕ್ಕಿದ್ದು ಶಾಲೆಯ ಗ್ಯಾದರಿಂಗಿನಲ್ಲಿ ಎರಡು ನಿಮಿಷ, ಅದೂ ಧ್ವಜದ ಕಂಬದ ಪಕ್ಕ ಹಗ್ಗ ಕಟ್ಟಿ. ಬಸ್ಸಿನಲ್ಲಿ ಕೂತು ಬರುವಷ್ಟೂ ಹೊತ್ತು ಕಾಲು ಅಲ್ಲಾಡಿಸುತ್ತಲೇ ಇದ್ದೆ. ಪಕ್ಕದಲ್ಲಿದ್ದ ಹೆಂಗಸು "ಏನರೆ ಆಗೇತೇನವಾ?" ಅಂದಳು. ಆಗಿದೆ ಅಂದೆ.

ನವೆಂಬರ್ 15, ಶನಿವಾರ

ಬಾಗಲಕೋಟೆಗೆ ಹೋಗಿ ಬಂದೆ. ಪ್ರವೀಣಕುಮಾರ ಫೋನಿನಲ್ಲಿ ದೊಡ್ಡ ದನಿ, ಎದುರಿಗೆ ಸಣ್ಣ ಆಳು. ಚಹಾ ತರಿಸಿದರು, ಎರಡು ಸಲ. ಕಾರ್ಯಕ್ರಮದ ಹೆಸರು 'ನಮ್ಮ ನೆಲದ ಹೆಣ್ಣು'. ಹಾಡುವವರು, ಡೊಳ್ಳಿನ ಹೆಣ್ಣುಮಕ್ಕಳು, ಕಡೆಗೆ ನಾನು. ಕಡೆಯ ಐಟಂ ನಾನು!

ಒಂದು ಫಾರ್ಮ್ ಕೊಟ್ಟರು. ಹೆಸರು, ಊರು, ವಿಷಯ. ವಿಷಯದ ಎದುರು ಎರಡು ಗೆರೆ ಖಾಲಿ.

"ಇಳಕಲ್ ಸೀರಿ ಅಂತ ಬರದ್ಬಿಡ್ರಿ. ನಿಮ್ಮ ಬಟ್ಟಿನೂ ರೇಷ್ಮಿ, ಸೀರಿನೂ ರೇಷ್ಮಿ."

ಇದು ರೇಷ್ಮೆ ಅಲ್ರೀ, ಹೆಸರಿಗೆ ಸಿಲ್ಕ್, ಬಟ್ಟೆ ನೈಲಾನು ಅಂದೆ. ಯಾರಿಗ ಗೊತ್ತಾಗ್ತೈತ್ರಿ ಅಂದರು. ಮೂರು ಡ್ರಾಪ್ ಇರಲೇಬೇಕಂತೆ. ಡ್ರಾಪ್ ಅಂದರೆ ಮೇಲೆ ಮೈಗೆಲ್ಲ ಬಟ್ಟೆ ಸುತ್ತಿಕೊಂಡು ಕೈ ಬಿಡುವುದು, ಚಕ್ರದಂತೆ ಉರುಳಿ ಬರುವುದು, ನೆಲ ನಾಲ್ಕು ಅಡಿ ಇರುವಾಗ ಬಟ್ಟೆ ಹಿಡಿಯುತ್ತದೆ. ಜನ ಅಯ್ಯೋ ಅನ್ನುತ್ತಾರೆ, ಆಮೇಲೆ ಚಪ್ಪಾಳೆ.

ಫಾರ್ಮ್ ಮನೆಗೆ ತಂದೆ. ತುಂಬಿಲ್ಲ. ನನಗೆ ಬರುವ ಚಲನೆಗಳನ್ನೆಲ್ಲ ನೋಟುಬುಕ್ಕಿನ ಹಿಂದೆ ಪಟ್ಟಿ ಮಾಡಿದೆ, ಇಪ್ಪತ್ತೆಂಟು ಆದವು. ಒಂದೊಂದೂ ಚೆಂದ. ಆದರೆ ಓದುತ್ತ ಹೋದರೆ ಅಂಗಡಿಯ ಸಾಮಾನಿನ ಚೀಟಿ. ಏನು ಹೇಳುತ್ತಿದ್ದೇನೆ?

ನವೆಂಬರ್ 16, ಭಾನುವಾರ. ಮಧ್ಯಾಹ್ನ

ಇಪ್ಪತ್ತೆಂಟರಲ್ಲಿ ಹದಿನೇಳು ಆರಿಸಿ ಒಂದರ ಹಿಂದೆ ಒಂದು ಮಾಡಿದೆ. ಉಸಿರು ಕಟ್ಟಿತು. ಆಸಿಫ ಕಲ್ಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತ ನೋಡಿದ.

"ಹೆಂಗಿತ್ತು?"

"ಎಲ್ಲಾ ಛಲೋ ಐತಿ. ಆದ್ರ ಯಾರಿಗೆ ಏನಾತು ಅಂತ ತಿಳೀಲಿಲ್ಲ ನೋಡು."

ಸಿಟ್ಟು ಬಂತು. ಮತ್ತೆ ಹತ್ತಿದೆ. ಹದಿನೈದು ಅಡಿ ಮೇಲೆ ಸುಸ್ತಾಗಿ, ಬಟ್ಟೆಯನ್ನು ಹೊಟ್ಟೆಗೆ ಎರಡು ಸುತ್ತು ಸುತ್ತಿ, ಕೈ ಬಿಟ್ಟು ಹಾಗೇ ಕೂತೆ. ಏನೂ ಮಾಡದೆ. ಬಟ್ಟೆ ಸೊಂಟವನ್ನು ಕಚ್ಚಿ ಹಿಡಿದಿತ್ತು. ಕೆಳಗೆ ಶೆಡ್ಡಿನ ನೆಲ, ಕಲ್ಲು ಕೊಯ್ಯುವಾಗ ಹರಿದ ಕೆಂಪು ನೀರು ನಿಂತಿತ್ತು.

ಆ ನೀರು ನೋಡಿ ದೊಡ್ಡವ್ವ ನೆನಪಾದಳು.

ಸಿಕ್ಕಿತು, ಸಿಕ್ಕಿತು ಅಂತ ಮೇಲಿಂದಲೇ ಕೂಗಿದೆ. ಇಳಿಯುವಾಗ ಬಟ್ಟೆ ಉಜ್ಜಿ ಎರಡು ಕಡೆ ಕೈ ಸುಟ್ಟುಕೊಂಡೆ.

ನವೆಂಬರ್ 18, ಮಂಗಳವಾರ

ಬರೆದಿಡಬೇಕು.

ದೊಡ್ಡವ್ವ ಅಂದರೆ ಅವ್ವನ ಅಕ್ಕ, ಗುರುಲಿಂಗವ್ವ. ಮಲಪ್ರಭಾ ದಂಡೆಯ ಹೊಲ ಅವರದು. ಹೊಳೆ ಬಂದ ವರ್ಷ ಎಮ್ಮೆ ಬಿಚ್ಚಲು ಹೋಗಿ ನೀರಿನಲ್ಲಿ ಸಿಕ್ಕಳು. ಬೇವಿನ ಮರ ಹತ್ತಿ, ಉಟ್ಟ ಸೀರೆಯಿಂದ ಮರಕ್ಕೆ ತನ್ನನ್ನು ಕಟ್ಟಿಕೊಂಡು, ಮರುದಿನ ಬೋಟು ಬರುವವರೆಗೆ ಅಲ್ಲೇ ಇದ್ದಳು. ನಮಗೆ ಗೊತ್ತಿರುವುದು ಇಷ್ಟು. ಇನ್ನೊಂದು ಗೊತ್ತಿದೆ. ಬೋಟಿನಲ್ಲಿದ್ದ ಯಾವನೋ ವಿಡಿಯೋ ಮಾಡಿದ. ಹನ್ನೆರಡು ಸೆಕೆಂಡ್. ಲಂಗ ಮತ್ತು ಕುಪ್ಪಸದಲ್ಲಿ ದೊಡ್ಡವ್ವ ಬೋಟಿಗೆ ಇಳಿಯುವುದು, ಹಿಂದೆ ಯಾರೋ ನಗುವುದು. ಅದು ಎಲ್ಲ ಗ್ರೂಪುಗಳಲ್ಲಿ ಓಡಾಡಿತು. ನಾನಾಗ ಬೆಂಗಳೂರಿನಲ್ಲಿ ಈ ಬಟ್ಟೆ ಹತ್ತುವುದನ್ನೇ ಕಲಿಯುತ್ತಿದ್ದೆ. ನನ್ನ ಫೋನಿಗೂ ಬಂತು. ಡಿಲೀಟ್ ಮಾಡಿದೆ. ಫೋನ್ ಮಾಡಿ ಹೆಂಗಿದ್ದೀ ಅಂತ ಕೇಳಲಿಲ್ಲ. ಏನಂತ ಕೇಳುವುದು ಅಂತ ತಿಳಿಯದೆ ಒಂದು ವಾರ ಹೋಯಿತು, ಆಮೇಲೆ ಒಂದು ತಿಂಗಳು.

ಅದಾದ ಮೇಲೆ ಅವಳು ಹೊಲ ಬೇರೆಯವರಿಗೆ ಲಾವಣಿಗೆ, ವರ್ಷದ ಗುತ್ತಿಗೆಗೆ, ಕೊಟ್ಟು ಕೂಡಲಸಂಗಮದಲ್ಲಿ ಮಿರ್ಚಿ ಅಂಗಡಿ ಇಟ್ಟಳು. ಆ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಇದೇ ನನ್ನ ವಿಷಯ. ಒಂದು ಮರ, ಒಂದು ಸೀರೆ, ಒಬ್ಬ ಹೆಂಗಸು. ಚಲನೆಗಳು ತಾವೇ ಬಂದು ಸಾಲಾಗಿ ನಿಂತವು. ಹತ್ತುವುದು. ಸುತ್ತಿಕೊಳ್ಳುವುದು. ಕಾಲು ಜಾರಿ ದೊಡ್ಡ ಡ್ರಾಪ್! ಮತ್ತೆ ಹತ್ತುವುದು. ಪ್ರವಾಹಕ್ಕೆ ಬಟ್ಟೆ ಹಿಡಿದು ಗಿರಗಿರ ತಿರುಗುವುದು. ಮತ್ತೊಂದು ಡ್ರಾಪ್.

ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಕಿ ಮಾನ ಒಮ್ಮೆ ಊರೆಲ್ಲಾ ನೋಡೇತಿ. ನೀ ಇನ್ನೊಮ್ಮೆ ಮ್ಯಾಲ ಏರಿಸಿ ತೋರಸ್ತೀಯೇನು?"

ಹಾಗಲ್ಲ ಅವ್ವಾ ಅಂದೆ. ಕೇಳದೆ ಮಾಡಬಾರದು, ಅದು ಖರೆ. ಭಾನುವಾರ ಹೋಗಿ ಅವಳನ್ನೇ ಕೇಳುತ್ತೇನೆ.

ನವೆಂಬರ್ 23, ಭಾನುವಾರ

ಕೂಡಲಸಂಗಮ. ಗದ್ದಲವೋ ಗದ್ದಲ. ಎರಡು ಟೂರಿಸ್ಟ್ ಬಸ್ಸು ಒಟ್ಟಿಗೇ ಬಂದಿದ್ದವು. ದೊಡ್ಡವ್ವ ನನ್ನ ಕೈಗೆ ಹಿಟ್ಟಿನ ಬುಟ್ಟಿ ಕೊಟ್ಟು "ಅದ್ದು" ಅಂದಳು. ಮೂರು ತಾಸು ಮೆಣಸಿನಕಾಯಿ ಅದ್ದಿ ಕೊಟ್ಟೆ, ಅವಳು ಕರಿದಳು. ಐವತ್ತೇಳು ವರ್ಷ, ಒಂದು ನಿಮಿಷ ಕೂರುವುದಿಲ್ಲ.

ಗಿರಾಕಿ ಕರಗಿದ ಮೇಲೆ ಕೇಳಿದೆ. ಮಾತು ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ಕಲಸಿಹೋಯಿತು. ಬಾದಾಮಿ, ಬಟ್ಟೆ, ಮರ, ನಿನ್ನ ಕಥೆ ಅಂತ ಏನೇನೋ ಅಂದೆ.

ಅವಳು ಬಾಣಲೆಯ ಎಣ್ಣೆ ಸೋಸುತ್ತಿದ್ದಳು. ಸೋಸಿ ಮುಗಿಸಿದಳು. ಡಬ್ಬಿಯ ಬಾಯಿ ಒರೆಸಿದಳು.

"ಬಸ್ಸು ಬಂತು ನೋಡು. ಹೋಗು."

ಬಂದೆ.

ಡಿಸೆಂಬರ್ 3, ಬುಧವಾರ. ರಾತ್ರಿ ಊಟದ ಮುಂಚೆ

ಹತ್ತು ದಿನ ಏನೂ ಬರೆಯಲಿಲ್ಲ. ಬರೆಯುವಂಥದ್ದು ಇರಲೂ ಇಲ್ಲ. ಫಾರ್ಮಿನಲ್ಲಿ 'ಇಳಕಲ್ ಸೀರೆ' ಅಂತ ತುಂಬಿ ಕಳಿಸಿದ್ದೆ. ಮೂರು ಡ್ರಾಪ್ ಜೋಡಿಸಿದ್ದೆ. ಕೈಕಾಲು ತಮ್ಮ ಪಾಡಿಗೆ ಮಾಡುತ್ತಿದ್ದವು.

ಇವತ್ತು!

ಆರು ಗಂಟೆಗೆ ಮೂರನೆಯ ಡ್ರಾಪ್ ಮುಗಿಸಿ ತಲೆಕೆಳಗಾಗಿ ತೂಗುತ್ತಿದ್ದೆ. ಶೆಡ್ಡಿನ ಬಾಗಿಲಲ್ಲಿ ಒಂದು ಸೀರೆ ತಲೆಕೆಳಗಾಗಿ ನಿಂತಿತ್ತು. ಕಂಕುಳಲ್ಲಿ ಕೈಚೀಲ. ದೊಡ್ಡವ್ವ. ಒಬ್ಬಳೇ, ಅಂಗಡಿ ಮುಚ್ಚಿ, ಎರಡು ಬಸ್ಸು ಬದಲಿಸಿ, ಕೇಳಿಕೊಂಡು ಬಂದಿದ್ದಾಳೆ. ಆಸಿಫ ಓಡಿಹೋಗಿ ಕುರ್ಚಿ ತಂದ. ಅವಳು ಕೂರಲಿಲ್ಲ.

"ನನ್ನ ಹೆಸರೀಲೆ ಏನು ಮಾಡಾಕ ಹೊಂಟಿದ್ದಿ, ಅದನ್ನ ತೋರ್ಸು."

ಮೊದಲು ಯೋಚಿಸಿದ್ದನ್ನು ಮಾಡಿ ತೋರಿಸಿದೆ. ಹತ್ತಿದೆ, ಸುತ್ತಿದೆ, ಡ್ರಾಪ್. ಇಳಿದು ಅವಳ ಎದುರು ಬಂದು ನಿಂತೆ.

"ಆ ಬಿದ್ಲಲ್ಲ, ಅಕಿ ಯಾರು?"

"ನೀನು ದೊಡ್ಡವ್ವಾ. ಕಾಲು ಜಾರಿ..."

"ನಾ ಎಲ್ಲಿ ಬಿದ್ನೆ? ಬಿದ್ದಿದ್ರ ಇಲ್ಲಿ ನಿಂತು ನಿನ್ನ ನೋಡತಿದ್ನೇನು?"

ಆಸಿಫ ನಕ್ಕುಬಿಟ್ಟ. ಅವಳೂ ನಕ್ಕಳು. ಆಮೇಲೆ ಬಂದು ಬಟ್ಟೆ ಮುಟ್ಟಿ ನೋಡಿದಳು, ಎಳೆದು ನೋಡಿದಳು, ಸೀರೆ ಕೊಳ್ಳುವವರ ಹಾಗೆ. ಮತ್ತು ಹೇಳತೊಡಗಿದಳು. ಆರು ವರ್ಷದಲ್ಲಿ ಮೊದಲ ಸಲ. ಮರೆಯುವ ಮೊದಲು ಅವಳ ಮಾತಿನಲ್ಲೇ ಬರೆದಿಡುತ್ತೇನೆ.

"ಮಧ್ಯಾಹ್ನ ಎರಡಕ್ಕ ಮರ ಏರಿದ್ನೆ. ಎಮ್ಮಿ ಬಿಚ್ಚಿ ತಿರುಗೂದ್ರಾಗ ನೀರು ಸೊಂಟಕ್ಕ ಬಂದಿತ್ತು. ಏರಿ ನೋಡತೇನಿ, ಬಾಜೂ ಹೊಲದ ದುರಗವ್ವ ಜಾಲಿ ಕಂಟಿ ಹಿಡಕೊಂಡು ನಿಂತಾಳ. ಕುತ್ತಿಗಿ ಮಟ್ಟ ನೀರು. ಕೈ ಮುಟ್ಟಂಗಿಲ್ಲ. ಎಂಟು ವಾರಿ ಸೀರಿ ಇತ್ತು. ಬಿಚ್ಚಿದೆ. ನಡುವ ಟೊಂಗಿಗೆ ಹಾಕಿ ನನ್ನ ಸೊಂಟಕ್ಕ ಬಿಗದು, ಉಳದ ತುದಿ ಅಕಿ ಕಡೆ ಒಗದೆ. ಎರಡು ಸಲ ಹೊಳಿ ಒಯ್ತು. ಮೂರನೇ ಸಲ ಹಿಡದ್ಲು. ಎಳದೆ."

ದುರಗವ್ವನ ಹೆಸರನ್ನು ನಾನು ಕೇಳೇ ಇರಲಿಲ್ಲ. ಮರದ ಮೇಲೆ ಇನ್ನೊಬ್ಬಳು ಇದ್ದಳು ಅಂತಲೂ ಗೊತ್ತಿರಲಿಲ್ಲ.

"ಆಮ್ಯಾಲ ಇಬ್ಬರೂ ಕುಂತಿವಿ. ಮರುದಿನ ಒಂಬತ್ತಕ್ಕ ಬೋಟು. ಹತ್ತೊಂಬತ್ತು ತಾಸು. ಒಂದು ಕುಂಡಿ ಜೋಮು ಹಿಡೀತು ಅಂದ್ರ ಇನ್ನೊಂದಕ್ಕ ಹೊರಳೂದು. ಟೊಂಗಿ ತುಂಬ ಕಟ್ಟಿರುವಿ, ಕಡೀತಿದ್ವು. ಮ್ಯಾಲ ಒಂದು ಹಾವು. ಅದೂ ಪಾಪ ನಮ್ಮಂಗ ಏರಿತ್ತು, ಏನೂ ಮಾಡಲಿಲ್ಲ. ಬೋಟಿನಾಗ ಮೊದಲ ದುರಗವ್ವನ್ನ ಇಳಿಸಿ, ಆಮ್ಯಾಲ ನಾ ಗಂಟು ಬಿಚ್ಚಿದೆ. ಕುಂತ ಮ್ಯಾಲ ಆ ಹಸೀ ಸೀರಿನ ಉಟಗೊಂಡೆ. ಅದನ್ನ ಯಾರೂ ಫೋನಿನಾಗ ಹಿಡೀಲಿಲ್ಲ."

ನಾನು ಅಳುತ್ತಿದ್ದೆ. ಆಗ ಫೋನ್ ಮಾಡಲಿಲ್ಲ ದೊಡ್ಡವ್ವಾ, ತಪ್ಪಾಯಿತು ಅಂದೆ.

"ಹೂಂ. ಹಾದಿ ನೋಡಿದ್ನೆ" ಅಂದಳು. ಅಷ್ಟೇ. ಸಮಾಧಾನ ಮಾಡಲಿಲ್ಲ. ಆಮೇಲೆ ಅಂದಳು, "ಹನ್ನೆರಡು ಸೆಕೆಂಡು ಎಲ್ಲಾರೂ ನೋಡ್ಯಾರ. ಹತ್ತೊಂಬತ್ತು ತಾಸು ಯಾರೂ ನೋಡಿಲ್ಲ. ಅದನ್ನ ತೋರ್ಸು. ತೋರಿಸಿದ್ರ ಸರಿಯಾಗಿ ತೋರ್ಸು."

ಮತ್ತು ಬಟ್ಟೆಯ ಒಂದು ತುದಿ ತೆಗೆದು ನನ್ನ ಸೊಂಟಕ್ಕೆ ಸುತ್ತಿ, ತಾನು ಕಟ್ಟಿದ ಗಂಟು ಕಟ್ಟಿ ತೋರಿಸಿದಳು. ಹೊಕ್ಕುಳ ಬಳಿ ಅಲ್ಲ, ಪಕ್ಕೆಯ ಮೇಲೆ. ಎಳೆದಷ್ಟೂ ಬಿಗಿ. ನಾನು ಬೆಂಗಳೂರಿನಲ್ಲಿ ಆರು ತಿಂಗಳು ಕಲಿತದ್ದನ್ನು ಈಕೆ ನೀರು ಏರುವಾಗ ಕಂಡುಕೊಂಡಿದ್ದಾಳೆ.

ಹಸಿವಾಗುತ್ತಿದೆ. ಊಟ ಮಾಡಲು ಮನಸ್ಸಿಲ್ಲ. ನಾಳೆ ಬೆಳಗಾಗಲಿ ಬೇಗ!

ಡಿಸೆಂಬರ್ 7, ಭಾನುವಾರ

ಹದಿನೇಳು ಚಲನೆಯಲ್ಲಿ ಹದಿಮೂರು ತೆಗೆದುಹಾಕಿದೆ. ಡ್ರಾಪ್ ಒಂದೂ ಇಲ್ಲ. ಕೈ ಕತ್ತರಿಸಿಕೊಂಡಂತೆ ಆಯಿತು ಮೊದಲು. ಈಗ ಹಗುರ.

ಉಳಿದದ್ದು, ಹೊಸದು:

ಹತ್ತುವುದು. ನೀಟಾಗಿ ಅಲ್ಲ. ಪಾದ ಚಾಚಿ, ಬೆರಳು ಚೂಪು ಮಾಡಿ ಹತ್ತುವುದನ್ನು ಆರು ವರ್ಷ ಕಲಿತೆ. ಈಗ ಪಾದ ಅಗಲ ಮಾಡಿ, ಮೊಣಕಾಲು ತಾಗಿಸಿ, ತೊಗಟೆಗೆ ಮೈ ಉಜ್ಜಿದಂತೆ. "ಚಂದ ಏರಬ್ಯಾಡ, ಲಗೂನ ಏರು" ಅನ್ನುತ್ತಾಳೆ ದೊಡ್ಡವ್ವ. ಇನ್ನು ಬುಧವಾರ ಭಾನುವಾರ ಬರುತ್ತಾಳಂತೆ, ಇವತ್ತು ಬಂದು ಕುರ್ಚಿ ಹಾಕಿಸಿಕೊಂಡು ಕೂತಳು.

ಕಟ್ಟಿಕೊಳ್ಳುವುದು. ಜೋತ ಬಟ್ಟೆಯ ಒಂದು ಬಾಲದಲ್ಲಿ, ಅವಳ ಗಂಟಿನ ಹಾಗೆ, ಪಕ್ಕೆಯ ಮೇಲೆ. ಬಟ್ಟೆಗೆ ಎರಡು ಬಾಲ ಇರುವುದು ಇದಕ್ಕೇ ಅನ್ನಿಸುತ್ತಿದೆ.

ಒಗೆಯುವುದು. ಇನ್ನೊಂದು ಬಾಲವನ್ನು ಮೂರು ಸಲ.

ಎಳೆಯುವುದು. ಇಲ್ಲೇ ಸಿಕ್ಕಿಕೊಂಡೆ. ಗಾಳಿಯಲ್ಲಿ ಬಟ್ಟೆ ಎಳೆದರೆ ಬಟ್ಟೆಯೇ ಕಾಣುತ್ತದೆ. ದೊಡ್ಡವ್ವ ತಲೆ ಅಲ್ಲಾಡಿಸಿದಳು. "ದುರಗವ್ವನ ಭಾರ ಎಲ್ಲೈತಿ? ಅಕಿ ಆಳು ದಪ್ಪ ಅದಾಳ." ಆಸಿಫ ಕಲ್ಲು ಕಟ್ಟೋಣ ಅಂದ. ಬೇಡ, ತೂಗಾಡಿ ಯಾರಿಗಾದರೂ ಬಡಿದರೆ. ಕಡೆಗೆ ಹೊಳೆಯಿತು. ನಾನೇ ಭಾರವಾಗಬೇಕು. ಎರಡನೆಯ ಬಾಲವನ್ನು ತೊಡೆಗೆ ಸುತ್ತಿ, ತಲೆಕೆಳಗಾಗಿ ಪೂರ್ತಿ ಕೆಳಗೆ ಇಳಿದು, ಅಲ್ಲಿಂದ ಒಂದೇ ಕೈಯಲ್ಲಿ ನನ್ನನ್ನು ನಾನೇ ಮೇಲಕ್ಕೆ ಎಳೆದುಕೊಳ್ಳಬೇಕು. ಒಂದೇ ಕೈ. ನಾಲ್ಕು ಎಳೆತ. ನನ್ನಿಂದ ಒಂದೂವರೆ ಆಗುತ್ತದೆ ಸದ್ಯ.

ಕೂರುವುದು. ಒಂದು ನಿಮಿಷ. ಒಂದು ಕುಂಡಿಯಿಂದ ಇನ್ನೊಂದಕ್ಕೆ. ಅಷ್ಟೇ. ಅರವತ್ತು ಸೆಕೆಂಡ್ ಏನೂ ಮಾಡದಿರುವುದಕ್ಕೆ ನನಗೆ ಒಂದು ಕೈ ಎಳೆತಕ್ಕಿಂತ ಹೆದರಿಕೆ.

ಡಿಸೆಂಬರ್ 11, ಗುರುವಾರ

ಮೂರನೆಯ ಎಳೆತದಲ್ಲಿ ಬೆರಳು ಬಿಚ್ಚಿ ಮ್ಯಾಟಿನ ಮೇಲೆ ಬೆನ್ನಡಿಯಾಗಿ ಬಿದ್ದೆ. ಆಸಿಫ ಬಿಳಿಚಿಕೊಂಡ. ಏನೂ ಆಗಿಲ್ಲ. ಎರಡು ನಿಮಿಷ ಚಾವಣಿ ನೋಡುತ್ತ ಮಲಗಿದ್ದೆ.

"ಡಬಲ್ ಕೈ ಮಾಡು ಪದ್ಮಾ. ಯಾರು ಎಣಿಸ್ತಾರ?"

"ದೊಡ್ಡವ್ವ ಎಣಿಸ್ತಾಳ."

ಅವಳು ಇವತ್ತು ಬಂದೇ ಇರಲಿಲ್ಲ. ಆದರೂ ಎಣಿಸುತ್ತಾಳೆ.

ಡಿಸೆಂಬರ್ 13, ಶನಿವಾರ

ನಾಲ್ಕು!!

ನಾಲ್ಕು ಎಳೆತ, ಬಲಗೈ ಒಂದೇ. ಭುಜ ಕಿವಿಗೆ ಬಂದಿತ್ತು, ಹಲ್ಲು ಕಚ್ಚಿದ್ದೆ, ಮುಖ ಹೇಗಿತ್ತೋ. ಆಸಿಫ ಕಲ್ಲು ಕೊಯ್ಯುವ ಮಷಿನ್ ಬಂದ್ ಮಾಡಿ ಬಂದು ಸಿಳ್ಳೆ ಹೊಡೆದ. ಕೆಲಸದವರು ನಾಲ್ಕು ಜನ ಬಂದು ನಿಂತರು. ಅವರಲ್ಲಿ ಹುಲ್ಲಪ್ಪಣ್ಣ, ಇಪ್ಪತ್ತು ವರ್ಷ ಕ್ರೇನಿನ ಸರಪಳಿ ಎಳೆದವರು, "ಭುಜದಲೆ ಎಳಿಬ್ಯಾಡವಾ, ಬೆನ್ನಿಲೆ ಎಳಿ" ಅಂದರು. ಹಾಗೆ ಮಾಡಿ ನೋಡಿದೆ. ಐದಾಯಿತು.

ಡಿಸೆಂಬರ್ 14, ಭಾನುವಾರ

ಪ್ರವೀಣಕುಮಾರ ನೋಡಲು ಬಂದರು. ಫಾರ್ಮಿನ ವಿಷಯ ಬದಲಾಗಿದೆ ಅಂತ ಫೋನಿನಲ್ಲಿ ಹೇಳಿದ್ದೆ, ಡ್ರಾಪ್ ಇಲ್ಲ ಅಂತ ಹೇಳಿರಲಿಲ್ಲ.

ಪೂರ್ತಿ ಮಾಡಿದೆ. ಆರು ನಿಮಿಷ ಐವತ್ತು ಸೆಕೆಂಡ್. ಇಳಿದಾಗ ಅವರು ವಾಚು ನೋಡುತ್ತಿದ್ದರು.

"ಎಳಿಯೂದು ಭಾರಿ ಐತ್ರಿ ಮೇಡಂ. ಆದ್ರ ನಡುವ ಒಂದು ನಿಮಿಷ ಸುಮ್ನ ಕುಂದರತೀರಲ್ಲ, ಜನ ಎದ್ದು ಹೋಗ್ತಾರ್ರಿ."

ದೊಡ್ಡವ್ವ ಕುರ್ಚಿಯಿಂದಲೇ ಅಂದಳು, "ನನಗೂ ಎದ್ದು ಹೋಗಬೇಕು ಅನಸ್ತಿತ್ರಿ. ಹತ್ತೊಂಬತ್ತು ತಾಸು."

ಅವರು ತಿರುಗಿ ನೋಡಿದರು. ಯಾರು ಅಂತ ಆಗ ತಿಳಿಯಿತು. ಎದ್ದು ನಿಂತರು. ಆಮೇಲೆ, ಕಡೆಯ ಐಟಂ ಆಗಿ ಇಡಲು ಧೈರ್ಯ ಸಾಲದು, ನಡುವೆ ಹಾಕುತ್ತೇನೆ, ಆದರೆ ಒಂದು ಸೆಕೆಂಡೂ ಕಡಿಮೆ ಮಾಡಿಸುವುದಿಲ್ಲ ಅಂದರು. ನಡುವೆಯಾದರೂ ಸೈ.

ಮನೆಯಲ್ಲಿ ಅವ್ವ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೆ ತನ್ನ ಅಕ್ಕ ರಾತ್ರಿ ಇಲ್ಲೇ ಉಳಿದಿದ್ದಾಳೆ ಅಂತ ಹೋಳಿಗೆ ಮಾಡಿದ್ದಾಳೆ. ಇಬ್ಬರೂ ಅಡುಗೆಮನೆಯಲ್ಲಿ ಏನೋ ಪಿಸುಗುಡುತ್ತಿದ್ದಾರೆ. ನಾನು ಹೋದರೆ ನಿಲ್ಲಿಸುತ್ತಾರೆ.

ಡಿಸೆಂಬರ್ 18, ಗುರುವಾರ

ದೊಡ್ಡವ್ವನ ಫೋನ್. ದುರಗವ್ವ ಈಗ ಶಿರೂರಿನಲ್ಲಿ ಮಗಳ ಮನೆಯಲ್ಲಿ ಇದ್ದಾಳಂತೆ. ಹೇಳಿ ಕಳಿಸಿದ್ದಾಳೆ, ಬರುತ್ತಾಳಂತೆ. "ನಾ ಮುಂದಿನ ಸಾಲಿನಾಗ ಕುಂದ್ರೂದಿಲ್ಲ, ಅಕಿ ಜೋಡಿ ಜನರಾಗ ಕುಂದರತೇನಿ" ಅಂದಳು.

ಅವ್ವ ಈಗಷ್ಟೇ ಬಂದು, ಬಾದಾಮಿಗೆ ಎಷ್ಟು ಗಂಟೆಗೆ ಹೊರಡಬೇಕು ಅಂತ ಕೇಳಿ ಹೋದಳು.

ಡಿಸೆಂಬರ್ 21, ಭಾನುವಾರ. ಬಾದಾಮಿ, ಬೆಳಿಗ್ಗೆ 10.30

ಆಸಿಫ ಇಳಕಲ್ಲಿನಿಂದ ರಸ್ತೆಯ ಮೇಲೆ ಓಡುವ ಹೈಡ್ರಾ ಕ್ರೇನು ತಂದಿದ್ದಾನೆ, ಬೆಳಗಿನ ನಾಲ್ಕಕ್ಕೆ ಹೊರಟು, ನಿಧಾನಕ್ಕೆ. ಶಾಲೆಯ ಮೈದಾನ. ಹಿಂದೆ ಕೆಂಪು ಬಂಡೆ ಬಿಸಿಲಿಗೆ ಹೊಳೆಯುತ್ತಿದೆ. ಕ್ರೇನಿನ ತೋಳಿನ ತುದಿಗೆ ಬಟ್ಟೆ ಕಟ್ಟಿ, ಮರಳಿನ ಚೀಲ ಜೋತುಬಿಟ್ಟು ಒಂದು ತಾಸು ನೋಡಿದೆವು. ಆಮೇಲೆ ಅವನು. ಆಮೇಲೆ ನಾನು.

ಆ ನಡುವೆ ಚಹಾಕ್ಕೆ ಹೋಗಿದ್ದೆವು. ಬಂದು ನೋಡಿದರೆ ಬಟ್ಟೆಯ ಮೇಲೆ ಮಂಗ! ಸೀದಾ ತುದಿಯವರೆಗೆ, ಎಂಟು ಸೆಕೆಂಡಿನಲ್ಲಿ. ನನಗೆ ಇಪ್ಪತ್ತೆರಡು ಬೇಕು. ಕೆಳಗೆ ಇನ್ನೂ ಮೂರು ಸಾಲಿನಲ್ಲಿ ನಿಂತಿದ್ದವು. ಆಸಿಫ ಹಾರ್ನ್ ಹೊಡೆದು ಓಡಿಸಿದ. ಇಡೀ ಬಟ್ಟೆ ಕೈಯಿಂದ ಸವರಿ ನೋಡಿದೆ, ಎಲ್ಲೂ ಹರಿದಿಲ್ಲ.

ಭಾಳ ಖುಷಿ. ಹೆದರಿಕೆಯೂ ಅಷ್ಟೇ. ಎರಡೂ ಒಂದೇ ಕಡೆ ಕೂತಿವೆ, ಬೇರೆ ಮಾಡಲು ಆಗುತ್ತಿಲ್ಲ.

ಡಿಸೆಂಬರ್ 22, ಸೋಮವಾರ. ಬಾದಾಮಿ, ಬೆಳಿಗ್ಗೆ 7

ಅದೇ ಮೈದಾನ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಲಗೈ ಪೆನ್ನು ಹಿಡಿಯುತ್ತಿಲ್ಲ, ಅಕ್ಷರ ಓಡುತ್ತಿವೆ. ಓಡಲಿ.

ನಿನ್ನೆ ಏಳಕ್ಕೆ ನನ್ನ ಸರದಿ. ಪ್ರವೀಣಕುಮಾರ ಮೈಕಿನಲ್ಲಿ ಎರಡೇ ಮಾತು ಹೇಳಿದರು, ಹೊಳೆ ಬಂದ ವರ್ಷ, ಒಂದು ಬೇವಿನ ಮರ. ಹೆಸರು ಹೇಳಬೇಡಿ ಅಂದಿದ್ದೆ, ಹೇಳಲಿಲ್ಲ. ಹಾಡಿಲ್ಲ, ಒಂದು ಡೊಳ್ಳು ಮಾತ್ರ, ಮೆಲ್ಲಗೆ.

ಹತ್ತಿದೆ. ಚಂದ ಹತ್ತಲಿಲ್ಲ. ಕಟ್ಟಿಕೊಂಡೆ. ಒಗೆದೆ. ಒಂದು. ಎರಡು. ಎರಡನೆಯದಕ್ಕೆ ಗಾಳಿ ಬಂದು ಬಟ್ಟೆಯನ್ನು ನಿಜವಾಗಿ ಅತ್ತ ಒಯ್ದಿತು, ಅದು ನಾನು ಮಾಡಿದ್ದಲ್ಲ. ಮೂರು. ತೊಡೆಗೆ ಸುತ್ತು, ತಲೆಕೆಳಗಾಗಿ ಇಳಿದೆ. ನೆಲಕ್ಕೆ ಒಂದು ಮೊಳ ಇರುವಾಗ ನಿಂತೆ. ಎಲ್ಲರ ಮುಖ ಉಲ್ಟಾ.

ಮೊದಲ ಎಳೆತ. ಎರಡು. ಮೂರನೆಯದಕ್ಕೆ ಕೈ ನಿಂತುಬಿಟ್ಟಿತು. ಬೆರಳು ಒಂದೊಂದೇ ಸಡಿಲ ಆಗುತ್ತಿರುವುದು ಗೊತ್ತಾಗುತ್ತಿತ್ತು. ಎಡಗೈ ತಾನಾಗಿ ಎದ್ದು ಬರುತ್ತಿತ್ತು. ಆಗ ಜನರ ನಡುವಿನಿಂದ ಒಂದು ದಪ್ಪ ದನಿ:

"ಬಿಡಬ್ಯಾಡ! ಗುರುಲಿಂಗವ್ವಾ, ಬಿಡಬ್ಯಾಡ!"

ನಾನು ಆ ದನಿ ಹಿಂದೆ ಕೇಳಿರಲಿಲ್ಲ. ಆದರೂ ಯಾರದೆಂದು ಗೊತ್ತಾಯಿತು. ಬೆನ್ನಿನಿಂದ ಎಳೆದೆ. ಮೂರು. ನಾಲ್ಕು. ಮೈದಾನದ ಹೆಂಗಸರೆಲ್ಲ ಎಳಿ, ಎಳಿ ಅನ್ನುತ್ತಿದ್ದರು.

ಮೇಲೆ ಕೂತೆ. ಒಂದು ನಿಮಿಷ. ಹಿಂದಿನಿಂದ ಒಂದು ಸಿಳ್ಳೆ ಬಂತು. ಯಾರೋ ಅವನಿಗೆ ಶ್ ಅಂದರು. ಹೊರಳಿದೆ. ಮತ್ತೆ ಹೊರಳಿದೆ. ಆಮೇಲೆ ಡೊಳ್ಳೂ ನಿಂತಿತು. ಅರವತ್ತು ಎಣಿಸಬೇಕಿತ್ತು, ಎಣಿಸುವುದು ಮರೆತೆ. ತೊಂಬತ್ತು ಆಗಿತ್ತಂತೆ, ಪ್ರವೀಣಕುಮಾರ ವಾಚು ನೋಡಿದ್ದಾರೆ. ಯಾರೂ ಎದ್ದು ಹೋಗಲಿಲ್ಲ ಅಂತ ಅವರೇ ಬಂದು ಹೇಳಿದರು.

ಇಳಿದೆ. ಗಂಟು ಬಿಚ್ಚಿದೆ. ನೆಲದ ಮೇಲೆ ನಿಂತು ಬಟ್ಟೆಯ ಬಾಲ ತೆಗೆದು, ಸೊಂಟಕ್ಕೆ ಸುತ್ತಿ, ನಿರಿಗೆ ಹಿಡಿದು, ಸೆರಗು ಹೊದ್ದೆ. ಅವಸರ ಮಾಡಲಿಲ್ಲ. ಎಲ್ಲರೂ ನೋಡಲಿ ಅಂತ.

ಚಪ್ಪಾಳೆ ಬಂತು. ನಾನು ಹುಡುಕುತ್ತಿದ್ದದ್ದು ದೊಡ್ಡವ್ವನನ್ನು. ಹನ್ನೊಂದನೆಯ ಸಾಲು. ಅವಳು ಚಪ್ಪಾಳೆ ಹೊಡೆಯುತ್ತಿರಲಿಲ್ಲ, ಅವಳ ಎರಡೂ ಕೈ ದುರಗವ್ವನ ಕೈಯೊಳಗೆ ಇದ್ದವು. ಆ ಕಡೆ ಅವ್ವ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಪಕ್ಕದಲ್ಲಿ ಕೂತ ಅಪರಿಚಿತರಿಗೆಲ್ಲ ಹೇಳುತ್ತಿದ್ದಳು. "ನಮ್ಮಕ್ಕ ರೀ. ಇಕಿನ ಅಕಿ. ಇಕಿ ನಮ್ಮಕ್ಕ." ಹೆಸರು ಹೇಳಬೇಡ ಅಂದದ್ದು ಪ್ರವೀಣಕುಮಾರರಿಗೆ ಮಾತ್ರ ಆಯಿತು.

ರಾತ್ರಿ ಬಸ್ಸಿರಲಿಲ್ಲ. ಎಲ್ಲರೂ ಇಲ್ಲೇ ಶಾಲೆಯ ಕೋಣೆಯಲ್ಲಿ ಮಲಗಿದೆವು. ದೊಡ್ಡವ್ವ, ದುರಗವ್ವ ಒಂದೇ ಚಾಪೆ. ಕಡೆಗೆ ಕೇಳಿದೆ, ಹೇಗಿತ್ತು? "ಹಾವು ಬಿಟ್ಟಿ" ಅಂದಳು ದೊಡ್ಡವ್ವ. ಮುಂದಿನ ಸಲ ಹಾವಿಗೆ ಏನಾದರೂ ಯೋಚಿಸಬೇಕು. ತೋಳಿನಲ್ಲಿ ಮಾಡಬಹುದೇ? ಇಲ್ಲ, ಕಾಲಿನಲ್ಲಿ, ಮೆಲ್ಲಗೆ ಸುತ್ತು ಬಿಚ್ಚಿಕೊಳ್ಳುತ್ತ... ಮುಂದಿನ ಸಲ! ವಿಜಯಪುರದಿಂದ ಯಾರೋ ನಂಬರ್ ತೆಗೆದುಕೊಂಡಿದ್ದಾರೆ, ಅದನ್ನು ಆಮೇಲೆ ಬರೆಯುತ್ತೇನೆ.

ಆಸಿಫ ಹೈಡ್ರಾ ಸ್ಟಾರ್ಟ್ ಮಾಡಿದ್ದಾನೆ. ಬಟ್ಟೆ ಬಿಚ್ಚಿ ಮಡಚಬೇಕು. ಆದರೆ ಅಲ್ಲಿ ಬಟ್ಟೆಯ ಹತ್ತಿರ ಯಾರೋ—

ದೊಡ್ಡವ್ವ. ಸೀರೆ ಎತ್ತಿ ಕಟ್ಟಿದ್ದಾಳೆ. ಒಂದು ಬಾಲ ತನ್ನ ಸೊಂಟಕ್ಕೆ ಬಿಗಿದಾಗಿದೆ, ಇನ್ನೊಂದನ್ನು ದುರಗವ್ವನ ಕೈಗೆ ಕೊಡುತ್ತಿದ್ದಾಳೆ. ದುರಗವ್ವ ಒಲ್ಲೆ ಒಲ್ಲೆ ಅನ್ನುತ್ತ ನಗುತ್ತಿದ್ದಾಳೆ. ಅವ್ವ ಮ್ಯಾಟು ಎಳೆದುಕೊಂಡು ಬರುತ್ತಿದ್ದಾಳೆ.

"ಏ ಪದ್ಮಾ, ಬರೀತೀ ಏನು? ನಮ್ಮನ್ನ ಒಂದು ಮೊಳ ಎತ್ತು ಸಾಕು! ಬಾ, ಹಿಡಿ!"

ಬಂದೆ ದೊಡ್ಡವ್ವಾ. ಡೈರಿ ಇಡುತ್ತೇನೆ, ಎರಡೂ ಕೈ ಬೇಕು.